ಚಂದ್ರವಳ್ಳಿಯ ಸೀಸದ ಹೋರಿಗಳು

ಚಿತ್ರದುರ್ಗಕ್ಕೆ ಬಂದವರು ಓಬವ್ವನ ಕಿಂಡಿ ನೋಡಿ, ಏಳು ಸುತ್ತಿನ ಕೋಟೆಯಲ್ಲಿ ಕಾಲು ಸೋಲುವಷ್ಟು ಹತ್ತಿ ಇಳಿದು ಊರಿಗೆ ಹೊರಟುಬಿಡುತ್ತಾರೆ. ಬಿಡುವಿದ್ದವರು ಚಂದ್ರವಳ್ಳಿಗೂ ಹೋಗುತ್ತಾರೆ; ಅಂಕಲಿ ಮಠದ ಗುಹೆಗಳ ಕತ್ತಲೆಗೆ ಇಳಿದು ಹತ್ತಿ, ಕೆರೆಯ ಬಳಿ ಬುತ್ತಿ ಬಿಚ್ಚುತ್ತಾರೆ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಿನ ಈ ಕಣಿವೆಯಲ್ಲಿ ಪಾಳೆಯಗಾರರಿಗಿಂತ ಒಂದೂವರೆ ಸಾವಿರ ವರ್ಷ ಮೊದಲೇ ಒಂದು ಊರು ತುಂಬಿ ಬಾಳಿತ್ತು. ಅಲ್ಲಿ ಸೀಸದ ದುಡ್ಡು ಚಲಾವಣೆಯಲ್ಲಿತ್ತು.

1888ರಲ್ಲಿ ಮರ್ವಿನ್ ಸ್ಮಿತ್ ಎಂಬ ಗಣಿ ಎಂಜಿನಿಯರ್ ಈ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ. ಅವನಿಗೆ ಸಿಕ್ಕಿದ್ದು ಸೀಸ. ಆ ನಾಣ್ಯಗಳು ಶಾಸನತಜ್ಞ ಬಿ.ಎಲ್. ರೈಸ್ ಅವರ ಕಣ್ಣಿಗೆ ಬಿದ್ದು ವಿದ್ವತ್ ಲೋಕಕ್ಕೆ ತಲುಪಿದವು. 1908ರಲ್ಲಿ ಇ.ಜೆ. ರಾಪ್ಸನ್ ಬ್ರಿಟಿಷ್ ಮ್ಯೂಸಿಯಮ್ಮಿನ ಆಂಧ್ರ-ಕ್ಷತ್ರಪ ನಾಣ್ಯಗಳ ಪಟ್ಟಿ ಪ್ರಕಟಿಸಿದಾಗ ಅದರಲ್ಲಿ ಚಿತ್ರದುರ್ಗ ಜಿಲ್ಲೆಯ ಈ ನಾಣ್ಯಗಳಿಗೆ ತಮ್ಮದೇ ಒಂದು ಜಾಗ ಸಿಕ್ಕಿತು. ಒಂದು ಮುಖದಲ್ಲಿ ಹಿಣಿಲೆತ್ತಿ ನಿಂತ ಹೋರಿ, ಅದರ ಸುತ್ತ ಬ್ರಾಹ್ಮಿ ಅಕ್ಷರಗಳಲ್ಲಿ ಒಡೆಯನ ಹೆಸರು: ಸದಕನ ಕಳಲಾಯ ಮಹಾರಠಿ. ಇನ್ನೊಂದು ಮುಖದಲ್ಲಿ ಕಟಾಂಜನದೊಳಗಿನ ಮರ, ಪಕ್ಕದಲ್ಲಿ ಕಮಾನುಗಳನ್ನು ಪೇರಿಸಿದಂತಿರುವ ಚೈತ್ಯ. ಶಾತವಾಹನರ ಕಾಲದ ದೊಡ್ಡ ಸಾಮಂತರಿಗೆ ಮಹಾರಠಿ ಎಂಬ ಬಿರುದಿತ್ತು. ಈ ಕಳಲಾಯ ಯಾವ ಶತಮಾನದವನು ಎಂಬ ಬಗ್ಗೆ ವಿದ್ವಾಂಸರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅವನ ಹೆಸರು ಉಳಿದಿರುವುದೇ ಈ ಸೀಸದ ಬಿಲ್ಲೆಗಳ ದೆಸೆಯಿಂದ.

ಮರ ಮತ್ತು ಚೈತ್ಯದ ಗುರುತು ಅವನೊಬ್ಬನ ಸ್ವತ್ತಾಗಿರಲಿಲ್ಲ. ಕಾರವಾರದ ಕಡೆ ಸಿಕ್ಕ ಚುಟುಗಳ ದಪ್ಪ ಸೀಸದ ನಾಣ್ಯಗಳಲ್ಲೂ ಇವೇ ಗುರುತುಗಳಿವೆ. ಕದಂಬರಿಗಿಂತ ಮೊದಲು ಬನವಾಸಿಯನ್ನು ಆಳಿದವರು ಈ ಚುಟುಗಳು. ಶಾತವಾಹನರೂ ಚೈತ್ಯವನ್ನು ಧಾರಾಳವಾಗಿ ಬಳಸಿದರು. ಒಂದೇ ಚಿತ್ರಸಂಪತ್ತನ್ನು ಹಲವು ಮನೆತನಗಳು, ಹಲವು ಕಮ್ಮಟಗಳು ಹಂಚಿಕೊಂಡಿದ್ದವು. ಅಕ್ಷರ ಸವೆದುಹೋದ ನಾಣ್ಯವೊಂದು ಕೈಗೆ ಬಂದರೆ ಅದು ಯಾರದೆಂದು ಹೇಳಲು ಉಳಿಯುವುದು ಶೈಲಿಯೊಂದೇ: ಹೋರಿಯ ಬೆನ್ನು ಹೇಗೆ ಬಾಗಿದೆ, ಮರಕ್ಕೆ ಕೊಂಬೆ ಎಷ್ಟು, ಕಮಾನು ದುಂಡೋ ಚೂಪೋ ಎಂಬುದು.

ಮೆಡಿಟರೇನಿಯನ್ ಸಮುದ್ರದ ದಕ್ಷಿಣ ದಂಡೆಯ ಕಾರ್ತೇಜಿನ ಕಂಚಿನ ನಾಣ್ಯಗಳಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಒಂದು ಕಡೆ ತಾನಿತ್ ದೇವಿಯದೆಂದು ಹೇಳುವ ತೆನೆ ಮುಡಿದ ಹೆಣ್ಣುತಲೆ, ಇನ್ನೊಂದು ಕಡೆ ಕುದುರೆ, ಕೆಲವೊಮ್ಮೆ ಕುದುರೆಯ ಹಿಂದೆ ಖರ್ಜೂರದ ಮರ. ಊರಿನ ಹೆಸರು ಹೆಚ್ಚಿನವುಗಳಲ್ಲಿ ಇಲ್ಲವೇ ಇಲ್ಲ. ಆಫ್ರಿಕಾದ ದಂಡೆಯಲ್ಲಿ, ಸಿಸಿಲಿಯಲ್ಲಿ, ಸಾರ್ಡಿನಿಯದಲ್ಲಿ ಒಂದೇ ಮಾದರಿಯನ್ನು ಟಂಕಿಸಿದ್ದರಿಂದ ದೇವಿಯ ಮೂಗು, ಕೂದಲಿನ ಸುರುಳಿ, ಕುದುರೆಯ ಕಾಲು ನೋಡಿಯೇ ಊರು ಗುರುತಿಸಬೇಕು. ಆ ಹೆಣ್ಣುತಲೆ ಮೂಲದಲ್ಲಿ ಸಿರಾಕ್ಯೂಸಿನ ಗ್ರೀಕ್ ನಾಣ್ಯಗಳಿಂದ ಎರವಲು ತಂದದ್ದು. ನಕಲಿನ ನಕಲು ಆಗುತ್ತ ಹೋದಂತೆ ಕೂದಲು ಕೂದಲಾಗಿ ಉಳಿಯದೆ ಬರೀ ಗೆರೆಗಳ ಸಾಲಾಗುತ್ತದೆ. ಕಾರ್ತೇಜಿನ ಚಿನ್ನದ ನಾಣ್ಯಗಳನ್ನು ಜಿ.ಕೆ. ಜೆಂಕಿನ್ಸ್ ಮತ್ತು ಆರ್.ಬಿ. ಲೂಯಿಸ್ ಅಚ್ಚು ಅಚ್ಚಾಗಿ ವಿಂಗಡಿಸಿ 1963ರಲ್ಲಿ ಪುಸ್ತಕ ತಂದರು. ಅವರ ವಿಧಾನ ನಮ್ಮ ಸೀಸದ ಹೋರಿಗಳಿಗೂ ಒಗ್ಗುತ್ತದೆ. ಆದರೆ ಸೀಸಕ್ಕೆ ತನ್ನದೇ ಗುಣಗಳಿವೆ.

ನಾಣ್ಯವೊಂದು ತನ್ನ ಜೊತೆಗಾರರಂತಿಲ್ಲದೆ ವಿಚಿತ್ರವಾಗಿ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವವನು ರಾಜ: ಹೊಸ ದೊರೆ ಬಂದಿರಬೇಕು, ಯುದ್ಧ ಆಗಿರಬೇಕು, ರಾಜಧಾನಿ ಬದಲಾಗಿರಬೇಕು. ನನ್ನ ಪ್ರಕಾರ ರಾಜನ ಸರದಿ ಕಟ್ಟಕಡೆಗೆ ಬರಬೇಕು. ಅವನಿಗಿಂತ ಮೊದಲು ವಿಚಾರಿಸಬೇಕಾದವರು ಕಪಾಟು, ಲೋಹ, ಅಚ್ಚು, ಅಚ್ಚು ಕೆತ್ತಿದ ಕೈ.

ಕಪಾಟಿನಿಂದ ಶುರುಮಾಡೋಣ. ಸೀಸ ಮೆತ್ತನೆಯ ಲೋಹ, ಉಗುರಿನಿಂದ ಗೀರಬಹುದು. ಗಾಳಿಗೆ ಒಡ್ಡಿದಾಗ ಅದರ ಮೇಲೆ ಕೂರುವ ಬೂದು ಪೊರೆ ಒಂದು ರೀತಿಯಲ್ಲಿ ರಕ್ಷಾಕವಚ. ಆ ಕವಚವನ್ನು ಮುರಿಯುವುದು ಅಸಿಟಿಕ್ ಆಮ್ಲದ ಆವಿ, ಅಂದರೆ ವಿನಿಗರಿನ ಆಮ್ಲ. ಮರದ ಪೆಟ್ಟಿಗೆ, ಡ್ರಾಯರ್, ಕೆಲವು ಬಗೆಯ ಅಂಟು, ರಟ್ಟು ಇವೆಲ್ಲ ಈ ಆವಿಯನ್ನು ಸಣ್ಣಗೆ ಬಿಡುತ್ತಲೇ ಇರುತ್ತವೆ. ಮುಚ್ಚಿದ ಮರದ ಡ್ರಾಯರಿನಲ್ಲಿಟ್ಟ ಸೀಸದ ನಾಣ್ಯ ಮೆಲ್ಲಗೆ ಬಿಳಿ ಪುಡಿಯಾಗುತ್ತದೆ. ಆ ಪುಡಿ ಸೀಸದ ಕಾರ್ಬೊನೇಟು, ಹಿಂದಿನವರು ಸಫೇದ ಎಂದು ಬಣ್ಣಕ್ಕೆ ಬಳಸುತ್ತಿದ್ದ ವಸ್ತು. ವಿಷ; ಬರಿಗೈಯಲ್ಲಿ ಮುಟ್ಟಬಾರದು. ಎರಡು ಸಾವಿರ ವರ್ಷ ಮಣ್ಣಿನಲ್ಲಿ ಉಳಿದ ಹೋರಿಯನ್ನು ಐವತ್ತು ವರ್ಷ ಬೀರುವಿನಲ್ಲಿಟ್ಟು ಕಳೆದುಕೊಳ್ಳಬಹುದು.

ಈ ಸವಕಳಿ ಅಕ್ಷರವನ್ನೂ ಬದಲಾಯಿಸಬಲ್ಲದು. ಬ್ರಾಹ್ಮಿಯಲ್ಲಿ ಠ ಎಂದರೆ ಬರೀ ಒಂದು ವೃತ್ತ. ಥ ಎಂದರೆ ಅದೇ ವೃತ್ತ, ನಡುವೆ ಒಂದು ಚುಕ್ಕೆ. (ಇಂದಿನ ಕನ್ನಡ ಲಿಪಿಯ ಠ, ಥ ಅಕ್ಷರಗಳನ್ನು ಅಕ್ಕಪಕ್ಕ ಬರೆದು ನೋಡಿ, ಆ ಹಳೆಯ ಒಪ್ಪಂದ ಇನ್ನೂ ಮುರಿದಿಲ್ಲ.) ಕಳಲಾಯನ ಬಿರುದಿನಲ್ಲಿ ಬರುವುದು ಠ. ವೃತ್ತದ ನಡುವಿನ ಜಾಗದಲ್ಲಿ ತುಕ್ಕಿನ ಒಂದು ಗಂಟು ಎದ್ದು ನಿಂತರೆ ಸಾಕು, ಓದುವವನಿಗೆ ಅಲ್ಲಿ ಥ ಕಾಣುತ್ತದೆ. ಮುಂದೆ ಅದನ್ನು ಕಾಗುಣಿತದ ಭೇದವೆಂದೂ, ಉಚ್ಚಾರಣೆಯ ಭೇದವೆಂದೂ, ಆಮೇಲೆ ಕಾಲದ ಭೇದವೆಂದೂ ವಾದಿಸಲು ದಾರಿ ತೆರೆದಂತಾಯಿತು. ಹಾಗಾಗಿ ಮೊದಲ ಪರೀಕ್ಷೆ ದೀಪದ್ದು. ನಾಣ್ಯವನ್ನು ಮೇಜಿನ ಮೇಲೆ ಮಲಗಿಸಿ, ದೀಪವನ್ನು ಪಕ್ಕದಲ್ಲಿ ತೀರ ತಗ್ಗಿನಲ್ಲಿಟ್ಟು, ನಾಣ್ಯವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋಗಬೇಕು. ಅಚ್ಚಿನಿಂದ ಮೂಡಿದ ಚುಕ್ಕೆಗೆ ಎಲ್ಲ ದಿಕ್ಕಿನಿಂದಲೂ ಒಂದೇ ಬಗೆಯ ನಯವಾದ ನೆರಳು ಬೀಳುತ್ತದೆ. ತುಕ್ಕಿನ ಗಂಟಿಗೆ ಪ್ರತಿ ತಿರುವಿಗೂ ಬೇರೆ ಆಕಾರ. ಗೆರೆಗಳಿಗೂ ಹೀಗೇ ಒಂದು ಸರಳ ನಿಯಮವಿದೆ. ಅಚ್ಚು ಬಿರುಕು ಬಿಟ್ಟಿದ್ದರೆ ಆ ಸೀಳಿನೊಳಕ್ಕೆ ಸೀಸ ನುಗ್ಗಿ ನಾಣ್ಯದ ಮೇಲೆ ಗೆರೆ ಉಬ್ಬಿ ಕಾಣುತ್ತದೆ. ಗೆರೆ ತಗ್ಗಿನಲ್ಲಿದ್ದರೆ ಅದು ಆಮೇಲೆ ಬಿದ್ದ ಗೀರು. ಗುದ್ದಲಿಯದಿರಬಹುದು, ಎಳೆಯ ಮಗುವಿನದೂ ಇರಬಹುದು.

ಲೋಹದ ಮಾತು. ಸೀಸ 327 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಅಡುಗೆ ಒಲೆಯ ಸೌದೆ ಬೆಂಕಿ ಸಾಕು. ತಾಮ್ರಕ್ಕೆ 1085 ಡಿಗ್ರಿ ಬೇಕು, ಅದಕ್ಕೆ ತಿದಿಯೂದುವ ಕುಲುಮೆಯೇ ಆಗಬೇಕು. ಇನ್ನೊಂದು ವಿಚಿತ್ರ ಗುಣವಿದೆ. ತಾಮ್ರವನ್ನಾಗಲಿ ಬೆಳ್ಳಿಯನ್ನಾಗಲಿ ಬಡಿಯುತ್ತ ಹೋದರೆ ಗಡುಸಾಗುತ್ತದೆ, ಮತ್ತೆ ಕಾಯಿಸಿ ಮೆದುವಾಗಿಸಬೇಕು. ಸೀಸ ಕೋಣೆಯ ಉಷ್ಣತೆಯಲ್ಲೇ ತನ್ನೊಳಗಿನ ಹರಳುಗಳನ್ನು ಮತ್ತೆ ಜೋಡಿಸಿಕೊಳ್ಳುವುದರಿಂದ ಎಷ್ಟು ಬಡಿದರೂ ಗಡುಸಾಗುವುದಿಲ್ಲ. ತಣ್ಣಗಿರುವಾಗಲೇ ಅಚ್ಚೊತ್ತಬಹುದು. ಇದರಿಂದ ಹೊರಡುವ ಒಂದು ತರ್ಕ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಂಚಿನ ನಾಣ್ಯ ಒತ್ತುವ ಅಚ್ಚು ಪ್ರತಿ ಏಟಿಗೂ ತಾನೂ ಪೆಟ್ಟು ತಿನ್ನುತ್ತದೆ, ಸವೆಯುತ್ತದೆ, ಸೀಳುತ್ತದೆ. ಕಾರ್ತೇಜಿನವರು ಮತ್ತೆ ಮತ್ತೆ ಹೊಸ ಅಚ್ಚು ಕೆತ್ತಿಸಲೇಬೇಕಿತ್ತು, ಆದ್ದರಿಂದ ಒಂದೇ ಕಮ್ಮಟದಲ್ಲಿ ಒಂದೇ ವರ್ಷ ಹತ್ತಾರು ಶೈಲಿಭೇದ ಬಂದರೆ ಆಶ್ಚರ್ಯವಿಲ್ಲ. ಸೀಸ ಅಚ್ಚಿಗೆ ಅಷ್ಟು ನೋವು ಕೊಡುವುದಿಲ್ಲ, ಅಚ್ಚು ಹೆಚ್ಚು ಕಾಲ ಬಾಳುತ್ತದೆ. ಆದ್ದರಿಂದ ಸೀಸದ ನಾಣ್ಯಗಳಲ್ಲಿ ಅಚ್ಚುಗಳು ಬಹಳವಿದ್ದರೆ ಸವಕಳಿಯ ನೆಪ ಅಷ್ಟಾಗಿ ನಡೆಯದು. ಒಂದೋ ನಾಣ್ಯ ಭಾರಿ ಸಂಖ್ಯೆಯಲ್ಲಿ ಬಂದಿದೆ, ಇಲ್ಲವೇ ಬಹುಕಾಲ ಬಂದಿದೆ, ಇಲ್ಲವೇ ಒಂದಕ್ಕಿಂತ ಹೆಚ್ಚು ಕಡೆ ಬಂದಿದೆ.

ಈ ತರ್ಕ ನಡೆಯುವುದು ನಾಣ್ಯ ಒತ್ತಿದ್ದಾದರೆ ಮಾತ್ರ, ಎರಕ ಹೊಯ್ದದ್ದಾದರೆ ಲೆಕ್ಕ ಬೇರೆ. ಪ್ರಾಚೀನ ಭಾರತದಲ್ಲಿ ಎರಡೂ ಪದ್ಧತಿಗಳಿದ್ದವು. ಎರಕದ ವಿಚಾರವನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿಟ್ಟವರು ನಾಣ್ಯಶಾಸ್ತ್ರದವರೇ ಅಲ್ಲ. ಅವರು ಸಸ್ಯಗಳ ಪಳೆಯುಳಿಕೆ ಅಭ್ಯಾಸ ಮಾಡುತ್ತಿದ್ದ ಬೀರಬಲ್ ಸಾಹ್ನಿ. 1936ರಲ್ಲಿ ರೋಹ್ಟಕ್ಕಿನ ಖೋಖ್ರಾಕೋಟ್ ದಿಬ್ಬದಲ್ಲಿ ಅವರಿಗೆ ಯೌಧೇಯರೆಂಬ ಪ್ರಾಚೀನ ಗಣದವರ ನಾಣ್ಯಗಳ ಮಣ್ಣಿನ ಅಚ್ಚುಗಳು ಸಿಕ್ಕವು. ಕಲ್ಲಿನಲ್ಲಿ ಎಲೆಯ ಗುರುತು ಓದುವ ಅದೇ ತಾಳ್ಮೆಯಿಂದ ಅವನ್ನು ಓದಿ 1945ರಲ್ಲಿ ಪ್ರಾಚೀನ ಭಾರತದ ಎರಕದ ವಿಧಾನದ ಮೇಲೆ ಪುಸ್ತಕ ಬರೆದರು. ಮಣ್ಣಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಕಾಲುವೆ ಬಿಟ್ಟು, ಒಂದೇ ಸಲಕ್ಕೆ ಹಲವು ನಾಣ್ಯ ಹೊಯ್ಯುತ್ತಿದ್ದರೆಂದು ತೋರಿಸಿದರು. ಎರಕದ ನಾಣ್ಯದ ಅಂಚಿನಲ್ಲಿ ಬೆಸುಗೆಯಂಥ ಗೆರೆ, ಕಾಲುವೆ ಮುರಿದ ಮೊಂಡು ಕಾಣಿಸುತ್ತವೆ. ಮೈಮೇಲೆ ಗಾಳಿಗುಳ್ಳೆಯ ದುಂಡು ಗುಣಿಗಳಿರುತ್ತವೆ, ಗೆರೆಗಳ ಅಂಚು ಮೊಂಡಾಗಿರುತ್ತದೆ. ನಡೆಯುತ್ತಿರುವ ನಾಣ್ಯವನ್ನೇ ಹಸಿಮಣ್ಣಿಗೆ ಒತ್ತಿ ಅಚ್ಚು ಮಾಡಿಕೊಂಡರಂತೂ ಮಣ್ಣು ಒಣಗುವಾಗ ಕುಗ್ಗಿ, ಲೋಹ ಆರುವಾಗ ಕುಗ್ಗಿ, ಹುಟ್ಟುವ ನಾಣ್ಯ ತಾಯಿಗಿಂತ ಸಣ್ಣದಾಗುತ್ತದೆ. ಅದರ ವಿಚಿತ್ರ ಶೈಲಿಗೆ ಕೆತ್ತಿದವನು ಹೊಣೆಯೇ ಅಲ್ಲ.

ಇಷ್ಟಾದ ಮೇಲೆ ಅಚ್ಚಿನ ಸರದಿ. ಒತ್ತುವ ನಾಣ್ಯಕ್ಕೆ ಎರಡು ಅಚ್ಚು ಬೇಕು. ಕೆಳಗಿನದು ಅಡಿಗಲ್ಲಿನಲ್ಲಿ ಊರಿರುತ್ತದೆ, ಮೇಲಿನದು ಕೈಯಲ್ಲಿ ಹಿಡಿದು ಸುತ್ತಿಗೆ ಏಟು ತಿನ್ನುತ್ತದೆ. ಏಟು ತಿನ್ನುವುದು ಬೇಗ ಹಾಳಾಗುತ್ತದೆ. ಹಾಳಾದಾಗ ಅದನ್ನಷ್ಟೇ ಬದಲಿಸುತ್ತಾರೆ, ಕೆಳಗಿನದು ಮುಂದುವರಿಯುತ್ತದೆ. ಒಂದು ಹೋರಿಯ ಅಚ್ಚು ಮೊದಲು ಒಂದು ಮರದ ಅಚ್ಚಿನ ಜೊತೆ, ಆಮೇಲೆ ಇನ್ನೊಂದು ಮರದ ಅಚ್ಚಿನ ಜೊತೆ ಬಂದಿದೆ ಎನ್ನಿ. ಆ ಎರಡನೆಯ ಮರ ಹೊಸ ಹೋರಿಯ ಜೊತೆಗೂ ಕಾಣಿಸಿಕೊಂಡರೆ ಮೂರು ನಾಣ್ಯಗಳು ಒಂದು ಸರಪಳಿಯಲ್ಲಿ ಕೂತಂತಾಯಿತು. ಮೊದಲನೆಯ ಹೋರಿಯೂ ಕೊನೆಯ ಹೋರಿಯೂ ಒಂದಕ್ಕೊಂದು ಸ್ವಲ್ಪವೂ ಹೋಲದಿರಬಹುದು, ಒಂದು ಸೊರಗಿದ್ದು, ಇನ್ನೊಂದು ಕೊಬ್ಬಿದ್ದು. ಆದರೂ ನಡುವಿನ ಮರ ಅವೆರಡನ್ನೂ ಒಂದೇ ಕಮ್ಮಟಕ್ಕೆ ಕಟ್ಟಿಹಾಕುತ್ತದೆ. ಶೈಲಿ ನೋಡಿ ಬೇರೆ ಊರಿಗೆ ಕಳಿಸಬೇಕೆಂದಿದ್ದ ನಾಣ್ಯ ಊರಿಗೇ ವಾಪಸು ಬರುತ್ತದೆ. ಅಚ್ಚಿನ ಬಿರುಕು ಇಲ್ಲಿ ಗಡಿಯಾರದ ಕೆಲಸ ಮಾಡುತ್ತದೆ. ಹೋರಿಯ ಗಂಗೆದೊಗಲಿನಿಂದ ಹೊರಟ ಉಬ್ಬುಗೆರೆ ಒಂದು ನಾಣ್ಯದಲ್ಲಿ ಕೂದಲಿನಷ್ಟು, ಇನ್ನೊಂದರಲ್ಲಿ ಅಂಚಿನವರೆಗೆ ಹಬ್ಬಿದ್ದರೆ ಯಾವುದು ಮೊದಲು ಎಂದು ಕೇಳಬೇಕಾಗಿಲ್ಲ.

ಅಚ್ಚುಗಳನ್ನು ಎಣಿಸಿದರೆ ಕಾಣೆಯಾದ ನಾಣ್ಯಗಳ ಲೆಕ್ಕವನ್ನೂ ಹಾಕಬಹುದು. ಕೈಯಲ್ಲಿರುವ ಐವತ್ತು ನಾಣ್ಯಗಳೂ ನಾಲ್ಕೇ ಅಚ್ಚಿನಿಂದ ಬಂದಿದ್ದರೆ ಐದನೆಯದು ಇದ್ದಿರುವ ಸಂಭವ ಕಡಿಮೆ. ಐವತ್ತಕ್ಕೆ ನಲವತ್ತೈದು ಅಚ್ಚುಗಳಿದ್ದರೆ ನಾವು ಕಂಡಿರುವುದು ದೊಡ್ಡ ರಾಶಿಯ ಒಂದು ಹಿಡಿ ಮಾತ್ರ. ಇದಕ್ಕೆ ಸಂಖ್ಯಾಶಾಸ್ತ್ರದ ಸೂತ್ರಗಳಿವೆ, ಈಗ ಫೋಟೊ ನೋಡಿ ಅಚ್ಚು ಹೊಂದಿಸುವ ಕಂಪ್ಯೂಟರ್ ಪ್ರೋಗ್ರಾಮುಗಳೂ ಬಂದಿವೆ. ಸೀಸದ ನಾಣ್ಯಗಳು ಜಜ್ಜಿ ಸೊಟ್ಟಗಾಗಿರುವುದರಿಂದ ಯಂತ್ರಕ್ಕಿಂತ ಅನುಭವವುಳ್ಳ ಕಣ್ಣೇ ಇಲ್ಲಿ ಇನ್ನೂ ಮೇಲು ಎಂಬುದು ನನ್ನ ಅನಿಸಿಕೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ದೇವರ ಎತ್ತುಗಳ ಕಿಲಾರಿಗಳು ನೂರು ರಾಸುಗಳ ಮಂದೆಯಲ್ಲಿ ಒಂದೊಂದನ್ನೂ ಕೊಂಬಿನ ತಿರುವು, ಮೈಯ ಸುಳಿ ನೋಡಿ ಹೇಳುತ್ತಾರಲ್ಲ, ಅಂಥ ಕಣ್ಣು.

ಇನ್ನು ಕೆತ್ತಿದ ಕೈ. ಅಚ್ಚಿನಲ್ಲಿ ಎಲ್ಲವನ್ನೂ ತಿರುವುಮುರುವಾಗಿ ಕೆತ್ತಬೇಕು. ಚಿತ್ರದಲ್ಲಿ ಇದು ದೊಡ್ಡ ವಿಷಯವಲ್ಲ, ಎಡಕ್ಕೆ ನೋಡಬೇಕಾದ ಹೋರಿ ಬಲಕ್ಕೆ ನೋಡಿದರೆ ಸಂತೆಯಲ್ಲಿ ಯಾರೂ ತಕರಾರು ಎತ್ತುವುದಿಲ್ಲ. ಅಕ್ಷರದಲ್ಲಿ ಮಾತ್ರ ಮರೆವು ಹೊರಬೀಳುತ್ತದೆ. ಮಧ್ಯಪ್ರದೇಶದ ಏರಣ್‌ನಲ್ಲಿ ಸಿಕ್ಕ ಧರ್ಮಪಾಲನ ನಾಣ್ಯದ ಮೇಲೆ ಬ್ರಾಹ್ಮಿ ಅಕ್ಷರಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಜರ್ಮನ್ ಪಂಡಿತ ಗಯೋರ್ಗ್ ಬ್ಯೂಲರ್ ಅದನ್ನೇ ಹಿಡಿದು, ಬ್ರಾಹ್ಮಿಯನ್ನು ಮೊದಲು ಬಲದಿಂದಲೇ ಬರೆಯುತ್ತಿದ್ದರು, ಅದು ಪಶ್ಚಿಮ ಏಷ್ಯಾದ ಲಿಪಿಗಳಿಂದ ಬಂದದ್ದಕ್ಕೆ ಇದು ಸಾಕ್ಷಿ ಎಂದು ವಾದಿಸಿದ. ಅಚ್ಚು ಕೆತ್ತಿದವನು ಅಕ್ಷರಗಳನ್ನು ತಿರುಗಿಸಲು ಮರೆತಿರಬಹುದಲ್ಲ ಎಂದು ಬೇರೆಯವರು ಕೇಳಿದರು. ಒಬ್ಬ ಅಕ್ಕಸಾಲಿಯ ಮೈಮರೆವು ಒಂದು ಲಿಪಿಯ ಹುಟ್ಟಿನ ಸಿದ್ಧಾಂತಕ್ಕೆ ಕಂಬವಾಗಿ ನಿಂತಿರಬಹುದು! ಆದರೆ ಇದನ್ನು ತೀರ ಹಗುರವಾಗಿಯೂ ತೆಗೆದುಕೊಳ್ಳುವಂತಿಲ್ಲ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕ ಶಾಸನದಲ್ಲಿ ಕೆಲವು ಸಾಲುಗಳು ನಿಜಕ್ಕೂ ಬಲದಿಂದ ಎಡಕ್ಕೆ ಓಡುತ್ತವೆ, ಅಲ್ಲಿ ಅಚ್ಚಿನ ಸಬೂಬಿಲ್ಲ.

ಚಿತ್ರದುರ್ಗ ಜಿಲ್ಲೆಯಲ್ಲೇ ಎರಡೂ ದಿಕ್ಕಿಗೆ ಬರೆಯಬಲ್ಲ ಒಬ್ಬ ಕೈಗಾರನ ಹೆಸರು ಉಳಿದಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ರೈಸ್ 1892ರಲ್ಲಿ ಬೆಳಕಿಗೆ ತಂದರು. ಅದನ್ನು ಬರೆದವನು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಮುಗಿದ ಮೇಲೆ ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಇಲ್ಲಿ ಓದುವವರು ಯಾರಿದ್ದರೋ, ಅವನಿಗೆ ತನ್ನ ವಿದ್ಯೆ ತೋರಿಸುವ ಆಸೆ ಇದ್ದಿರಬೇಕು. ಕಳಲಾಯನ ಅಚ್ಚುಗಾರರು ಹೀಗೆ ಸಹಿ ಹಾಕಲಿಲ್ಲ. ಅವರನ್ನು ಗುರುತಿಸಲು ಉಳಿದಿರುವುದು ಚಾಳಿಗಳು ಮಾತ್ರ. ಒಬ್ಬ ಹಿಣಿಲನ್ನು ದುಂಡು ಮೊಳೆಯ ಒಂದೇ ಏಟಿನಲ್ಲಿ ಕೂರಿಸುತ್ತಾನೆ, ಇನ್ನೊಬ್ಬ ಬೆನ್ನಿನ ಗೆರೆಯನ್ನೇ ಎತ್ತಿ ಬಾಗಿಸುತ್ತಾನೆ. ಒಬ್ಬನ ಅಕ್ಷರಗಳು ಅಂಚಿಗೆ ತಲೆ ಮಾಡಿದರೆ ಇನ್ನೊಬ್ಬನವು ಕಾಲು ಚಾಚುತ್ತವೆ. ಕೈ ಗುರುತಿಸಬೇಕಾದರೆ ಮುಖ್ಯ ಚಿತ್ರಕ್ಕಿಂತ ಇಂಥ ಚಿಲ್ಲರೆಗಳನ್ನೇ ನೋಡಬೇಕು, ಯಾಕೆಂದರೆ ನಕಲು ಮಾಡುವವನ ಗಮನವೆಲ್ಲ ಹೋರಿಯ ಮೇಲಿರುತ್ತದೆ, ಕಟಾಂಜನದ ಅಡ್ಡಪಟ್ಟಿ ಎಷ್ಟೆಂದು ಅವನು ಎಣಿಸುವುದಿಲ್ಲ.

ನಕಲಿನ ಮಾತಿಗೆ ಚಂದ್ರವಳ್ಳಿಯಲ್ಲೇ ಇನ್ನೊಂದು ನಿದರ್ಶನವಿದೆ. ಇಲ್ಲಿ ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿಯ ದಿನಾರಿಯಸ್‌ಗಳು ಸಿಕ್ಕಿವೆ. ಭಾರತಕ್ಕೆ ಹೇರಳವಾಗಿ ಬಂದ ಟೈಬೀರಿಯಸ್‌ನ ನಾಣ್ಯದಲ್ಲಿ ಒಂದು ಕಡೆ ಅವನ ತಲೆ, ಇನ್ನೊಂದು ಕಡೆ ಪೀಠದ ಮೇಲೆ ಕೂತ ಹೆಂಗಸು. ಆ ಪೀಠದ ಕಾಲು ಕೆಲವು ನಾಣ್ಯಗಳಲ್ಲಿ ಸಾದಾ, ಕೆಲವುಗಳಲ್ಲಿ ಕಡೆದ ಕುಸುರಿ. ಪೀಠದ ಕೆಳಗೆ ಒಂದು ಗೆರೆ, ಕೆಲವೊಮ್ಮೆ ಎರಡು. ಇವೆಲ್ಲ ರೋಮನ್ ಕಮ್ಮಟದ ಒಳಗಿನ ಭೇದಗಳೇ; ಪೀಠದ ಕಾಲಿನಿಂದಲೇ ನಾಣ್ಯಗಳನ್ನು ಹಿಂದುಮುಂದಿನ ಗುಂಪುಗಳಾಗಿ ಜೋಡಿಸಿದ್ದಾರೆ. ನಮ್ಮವರು ಇದನ್ನು ನಕಲು ಮಾಡಿದಾಗ ಅಕ್ಷರಗಳೆಲ್ಲ ಕಡ್ಡಿ, ಸೊನ್ನೆಗಳ ಸಾಲಾಗಿಬಿಡುತ್ತವೆ. ಲ್ಯಾಟಿನ್ ಬಾರದವನ ಕೈ ಅಲ್ಲಿ ಸಿಕ್ಕಿಬೀಳುತ್ತದೆ.

ಚೀನೀ ನಾಣ್ಯದ ವಿಷಯ ಇದಕ್ಕಿಂತ ಇಕ್ಕಟ್ಟಿನದು. ಚಂದ್ರವಳ್ಳಿಯಲ್ಲಿ ಹಾನ್ ಚಕ್ರವರ್ತಿ ವೂ-ತಿಯ, ಕ್ರಿ.ಪೂ. 138ರ ನಾಣ್ಯ ಸಿಕ್ಕಿತೆಂದು ಹಳೆಯ ಪುಸ್ತಕಗಳಿಂದ ಹೊಸ ಪುಸ್ತಕಗಳಿಗೆ ಹರಿದುಬಂದಿದೆ. ಆ ಕಾಲದ ಚೀನೀ ನಾಣ್ಯಗಳ ಮೇಲೆ ವರ್ಷವನ್ನಾಗಲಿ ದೊರೆಯ ಹೆಸರನ್ನಾಗಲಿ ಹಾಕುತ್ತಿರಲಿಲ್ಲ, ತೂಕದ ಹೆಸರಿರುತ್ತಿತ್ತು ಅಷ್ಟೆ. ವೂ-ತಿ ಕ್ರಿ.ಪೂ. 118ರಲ್ಲಿ ಹೊರಡಿಸಿದ ವೂ-ಝೂ ನಾಣ್ಯ ಏಳು ಶತಮಾನ ದಾಟಿ ಕ್ರಿ.ಶ. 621ರ ಬದಲಾವಣೆಯವರೆಗೂ ನಡೆಯಿತು. ಅಕ್ಷರದ ಗೆರೆ ಎಷ್ಟು ಬಾಗಿದೆ, ಚೌಕ ರಂಧ್ರಕ್ಕೆ ಅಂಚಿದೆಯೇ ಎಂಬ ಶೈಲಿಯ ಸೂಕ್ಷ್ಮಗಳಿಂದ ಮಾತ್ರ ಅದರ ಕಾಲ ಹೇಳಬಹುದು. 138 ಎಂಬ ಅಂಕಿ ನಾಣ್ಯದ ಮೇಲಿದ್ದದ್ದಲ್ಲ, ಓದಿದವರು ಕೊಟ್ಟದ್ದು. ಚಿತ್ರದುರ್ಗದ ಅಭಿಮಾನದಿಂದ ಆ ಅಂಕಿಯನ್ನು ಭಾಷಣಗಳಲ್ಲಿ ಉರುಹೊಡೆಯುವವರು ಸ್ವಲ್ಪ ತಡೆಯುವುದು ಒಳ್ಳೆಯದು.

ಶೈಲಿಯೊಂದನ್ನೇ ನಂಬಿದರೆ ಹೀಗಾಗುತ್ತದೆ ಎಂಬುದು ಗೊತ್ತಿದ್ದರಿಂದಲೇ ಅಗೆತ ಬೇಕಾಯಿತು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ 1929ರಲ್ಲಿ ಚಂದ್ರವಳ್ಳಿಯನ್ನು ಅಗೆದರು. ಕದಂಬ ದೊರೆ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನವನ್ನು ಇಲ್ಲಿನ ಬಂಡೆಯ ಮೇಲೆ ಓದಿದವರೂ ಅವರೇ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿ ಎರಡನ್ನೂ ಪದರ ಪದರವಾಗಿ ಅಗೆಸಿದರು. ಪದರದ ಲೆಕ್ಕಕ್ಕೆ ಒಂದು ಮಿತಿಯಿದೆ. ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸ್‌ನ ನಾಣ್ಯ ಒಂದು ಪದರದಲ್ಲಿ ಸಿಕ್ಕರೆ ಆ ಪದರ 14ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು. ಒಳ್ಳೆಯ ಬೆಳ್ಳಿ ನೂರು ವರ್ಷ ಕೈ ಬದಲಿಸುತ್ತ ಓಡಾಡಬಲ್ಲದು. ಆದರೂ ಯಾವ ಹೋರಿ ಯಾವ ಮಡಕೆಯ ಜೊತೆ, ಯಾವ ದಿನಾರಿಯಸ್‌ನ ಮೇಲೆ ಅಥವಾ ಕೆಳಗೆ ಬಿದ್ದಿತ್ತು ಎಂಬುದು ಗೊತ್ತಾದರೆ ಶೈಲಿಗೆ ನೆಲೆ ಸಿಗುತ್ತದೆ. ಹೊಲ ಉಳುವಾಗ ಸಿಕ್ಕು, ಚೀಲ ಸೇರಿ, ಸಂಗ್ರಾಹಕರ ಮೇಜಿಗೆ ಬರುವ ನಾಣ್ಯಕ್ಕೆ ಈ ನೆಲೆ ಇಲ್ಲ. ಚಂದ್ರವಳ್ಳಿಯ ಅವಶೇಷಗಳನ್ನು ನೋಡಬೇಕೆನ್ನುವವರು ಚಿತ್ರದುರ್ಗದ ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು.

ಸೀಸದಲ್ಲಿ ಇನ್ನೊಂದು ಸಾಕ್ಷಿ ಅಡಗಿದೆ, ಅದಕ್ಕೆ ಚಿತ್ರವೇ ಬೇಡ. ಸೀಸಕ್ಕೆ 204, 206, 207, 208 ಎಂಬ ನಾಲ್ಕು ಸ್ಥಿರ ಐಸೊಟೋಪುಗಳಿವೆ, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳು. 204 ಭೂಮಿ ಹುಟ್ಟಿದಾಗಿನಿಂದ ಇದ್ದಷ್ಟೇ ಇದೆ. ಉಳಿದ ಮೂರು ಯುರೇನಿಯಂ, ಥೋರಿಯಂಗಳು ಕ್ಷಯಿಸಿದಂತೆ ಹೆಚ್ಚುತ್ತ ಬಂದಿವೆ. ಒಂದು ಅದಿರು ಯಾವಾಗ ಬಂಡೆಯಲ್ಲಿ ಕೂತಿತು, ಅದರ ಸುತ್ತ ಯುರೇನಿಯಂ ಎಷ್ಟಿತ್ತು ಎಂಬುದರ ಮೇಲೆ ಈ ನಾಲ್ಕರ ಪ್ರಮಾಣ ನಿಲ್ಲುತ್ತದೆ. ಹಾಗಾಗಿ ಗಣಿಯಿಂದ ಗಣಿಗೆ ಪ್ರಮಾಣ ಬೇರೆ. ಕರಗಿಸಿದರೂ, ಒತ್ತಿದರೂ, ತುಕ್ಕು ಹಿಡಿದರೂ ಅದು ಬದಲಾಗುವುದಿಲ್ಲ. ಭಾರತದಲ್ಲಿ ಕಂಚೂ ಇಲ್ಲ ಸೀಸವೂ ಇಲ್ಲ, ಮುತ್ತುರತ್ನ ಕೊಟ್ಟು ಕೊಳ್ಳುತ್ತಾರೆ ಎಂದು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದ. ಅದೇ ಕಾಲದ ಪೆರಿಪ್ಲಸ್ ಎಂಬ ಗ್ರೀಕ್ ಕಡಲ ಕೈಪಿಡಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದ ಸರಕಿನಲ್ಲಿ ಸೀಸವನ್ನು ಸೇರಿಸಿದೆ. ಪ್ಲಿನಿಯ ಮಾತು ಪೂರ್ತಿ ನಿಜವಲ್ಲ: ರಾಜಸ್ಥಾನದ ಜಾವರ್‌ನಲ್ಲಿ, ಆಂಧ್ರದ ಅಗ್ನಿಗುಂಡಾಲದಲ್ಲಿ ಸೀಸದ ಅದಿರಿದೆ. ಕಳಲಾಯನ ಹೋರಿಗಳು ರೋಮನ್ನರ ಕೈಯಲ್ಲಿದ್ದ ಸ್ಪೇನಿನಿಂದ ಹಡಗೇರಿ ಬಂದ ಸೀಸದವೋ, ಇಲ್ಲಿನ ಬೆಟ್ಟಗಳ ಸೀಸದವೋ ಎಂಬ ಪ್ರಶ್ನೆಯನ್ನು ಐಸೊಟೋಪುಗಳಿಗೆ ಹಾಕಬಹುದು, ಸೂಜಿಯ ತುದಿಯಷ್ಟು ಮಾದರಿ ಸಾಕು. ಹಳೆಯ ನಾಣ್ಯ, ಗುಂಡು, ಕೊಳವೆ ಎಲ್ಲವನ್ನೂ ಒಟ್ಟಿಗೆ ಕರಗಿಸಿದ್ದರೆ ಮಾತ್ರ ಉತ್ತರ ಕಲಸಿಹೋಗುತ್ತದೆ, ಯಾವ ಗಣಿಗೂ ಹೊಂದದ ನಡುವಿನ ಅಂಕಿಗಳು ಬರುತ್ತವೆ. ಆದರೆ ಕಲಸಿದ ಸೀಸವೂ ಉಪಯೋಗಕ್ಕೆ ಬಾರದ್ದೇನಲ್ಲ. ಸೊರಗಿದ ಹೋರಿಯ ನಾಣ್ಯವೂ ಕೊಬ್ಬಿದ ಹೋರಿಯ ನಾಣ್ಯವೂ ಅದೇ ವಿಚಿತ್ರ ಅಂಕಿಗಳನ್ನು ಕೊಟ್ಟರೆ ಅವು ಒಂದೇ ಮೂಸೆಯಿಂದ ಬಂದಿರುವ ಸಾಧ್ಯತೆ ಹೆಚ್ಚು. ಆಗ ಹುಡುಕಬೇಕಾದದ್ದು ಇಬ್ಬರು ರಾಜರನ್ನಲ್ಲ, ಒಂದೇ ಕಮ್ಮಟದಲ್ಲಿ ಕೂತು ಕೆತ್ತುತ್ತಿದ್ದ ಇಬ್ಬರು ಅಚ್ಚುಗಾರರನ್ನು.